ನಾಲ್ವಡಿ ವೆಂಕಟಪ್ಪ ನಾಯಕ: ಗೋಸಲ ಮನೆತನದ ಯುದ್ಧಪರಂಪರೆ ಮತ್ತು 1858ರ ಬಂಡಾಯ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಕಲ್ಲುಗುಡ್ಡಗಳ ನಾಡನ್ನು ಎರಡು ಶತಮಾನಗಳಿಗೂ ಮಿಕ್ಕಿ ಆಳಿದ ಗೋಸಲ ವಂಶದ ಬೇಡ ನಾಯಕರ ಪರಂಪರೆಯಲ್ಲಿ ಸುರಪುರದ ನಾಲ್ವಡಿ ವೆಂಕಟಪ್ಪ ನಾಯಕನು ಕೊನೆಯ ದೊರೆ. 1834ರಲ್ಲಿ ಜನಿಸಿದ ಅವನು 1858ರಲ್ಲಿ ಕಂಪನಿ ಸರ್ಕಾರದ ಕೈದಿಯಾಗಿ ತೀರಿಕೊಂಡನು. ಈ ಅಲ್ಪಾಯುಷ್ಯದಲ್ಲಿ ಅವನು ಸ್ವಂತ ಹೊಣೆಯಿಂದ ರಾಜ್ಯವಾಳಿದ್ದು ಸುಮಾರು ಐದು ವರ್ಷ ಮಾತ್ರ. ಆದರೂ ಇಂದು ಕಲ್ಯಾಣ ಕರ್ನಾಟಕವೆಂದು ಕರೆಯಲಾಗುವ ಪ್ರದೇಶದ ಚರಿತ್ರೆಯಲ್ಲಿ ಅವನ ಹೆಸರು ಕಿತ್ತೂರು, ನರಗುಂದ, ಹಲಗಲಿಗಳ ಹೆಸರಿನೊಂದಿಗೆ ಸೇರಿಕೊಂಡಿದೆ.

ವೆಂಕಟಪ್ಪ ನಾಯಕನ ಬದುಕನ್ನು ಕಟ್ಟಿಕೊಳ್ಳುವಲ್ಲಿ ಒಂದು ಮೂಲಭೂತ ತೊಡಕಿದೆ. ಅವನನ್ನು ಕುರಿತು ನಮಗೆ ದೊರೆಯುವ ವಿವರಗಳಲ್ಲಿ ಬಹುಪಾಲು ಒಬ್ಬನೇ ವ್ಯಕ್ತಿಯ ಲೇಖನಿಯಿಂದ ಬಂದವು. ಆ ವ್ಯಕ್ತಿ ಫಿಲಿಪ್ ಮೆಡೋಸ್ ಟೇಲರ್. ಅವನು ಬಾಲಕ ದೊರೆಯ ಪೋಷಕನೂ ಹೌದು, ಆ ರಾಜ್ಯದ ಮೇಲೆ ನಿಯುಕ್ತನಾದ ಬ್ರಿಟಿಷ್ ಅಧಿಕಾರಿಯೂ ಹೌದು. ಜೊತೆಗೆ ಇಂಗ್ಲಿಷ್ ಕಾದಂಬರಿಕಾರನಾಗಿ ಹೆಸರು ಮಾಡಿದವನು. ಅವನ ನಿಧನದ ಮರುವರ್ಷ, 1877ರಲ್ಲಿ, ಪ್ರಕಟವಾದ ಆತ್ಮಕಥೆಯಲ್ಲಿ ವೆಂಕಟಪ್ಪ ನಾಯಕನು ದುಷ್ಟ ಸಲಹೆಗಾರರ ಮಾತಿಗೆ ಮರುಳಾಗಿ ಕೆಟ್ಟ ಹುಡುಗನಾಗಿ ಕಾಣಿಸಿಕೊಳ್ಳುತ್ತಾನೆ. ಇಪ್ಪತ್ತನೆಯ ಶತಮಾನದ ರಾಷ್ಟ್ರೀಯವಾದಿ ಬರಹಗಳು ಇದೇ ವಿವರಗಳನ್ನು ಎತ್ತಿಕೊಂಡು ಅವನನ್ನು ನಾನಾಸಾಹೇಬನ ಕರೆಗೆ ಓಗೊಟ್ಟ ವೀರನನ್ನಾಗಿ ಚಿತ್ರಿಸಿದವು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾದ ಚಿತ್ರಗಳು. ಆದರೆ ಎರಡರಲ್ಲಿಯೂ ಅವನ ನಿರ್ಧಾರದ ಮೂಲ ಅವನ ಹೊರಗಿದೆ. ಈ ನಿರ್ಧಾರವನ್ನು ಅವನ ಮನೆತನದ ಸೈನಿಕ ಹಾಗೂ ರಾಜಕೀಯ ಅನುಭವದ ಹಿನ್ನೆಲೆಯಲ್ಲಿ ಇರಿಸಿ ನೋಡಿದಾಗ ಅದರ ಸ್ವರೂಪ ಬೇರೆಯಾಗಿ ತೋರುತ್ತದೆ.

ಮನೆತನದ ಹಿನ್ನೆಲೆ

ವಿಜಯನಗರದ ಪತನಾನಂತರ ಕನ್ನಡ ನಾಡಿನಲ್ಲಿ ತಲೆಯೆತ್ತಿದ ಪಾಳೆಯಗಾರ ಮನೆತನಗಳಲ್ಲಿ ಗೋಸಲ ನಾಯಕರದು ವಿಶಿಷ್ಟ ಸ್ಥಾನ. ಬಿಜಾಪುರ ಮತ್ತು ಗೋಲ್ಕೊಂಡಗಳೆಂಬ ಎರಡು ಸುಲ್ತಾನಶಾಹಿಗಳ ಗಡಿಯಲ್ಲಿ, ಎಡೆದೊರೆ ನಾಡಿಗೆ ಉತ್ತರದಲ್ಲಿ ಇವರ ನೆಲೆ. ಬೇಟೆ ಮತ್ತು ಕಾವಲುಗಾರಿಕೆಯಲ್ಲಿ ಪಳಗಿದ ಬೇಡ ಸಮುದಾಯವೇ ಇವರ ಸೈನ್ಯ. ಭೂಮಿಯನ್ನು ಇನಾಮಾಗಿ ಪಡೆದು ಕರೆ ಬಂದಾಗ ಆಯುಧ ಹಿಡಿದು ನಿಲ್ಲುವ ಪದ್ಧತಿ ಅಲ್ಲಿ ರೂಢಿಯಲ್ಲಿತ್ತು. ಹೀಗಾಗಿ ನಾಯಕನು ಸಂಬಳದ ದಂಡಿನ ಒಡೆಯನಾಗಿರುವುದಕ್ಕಿಂತ ಹೆಚ್ಚಾಗಿ ಒಂದು ಕುಲದ ಹಿರಿಯನಾಗಿದ್ದನು. ಈ ಸಂಬಂಧವನ್ನು ಗಮನಿಸದೆ ಮುಂದಿನ ಘಟನೆಗಳನ್ನು ಅರಿಯುವುದು ಕಷ್ಟ.

ಮೊಘಲರೊಂದಿಗಿನ ಸಂಘರ್ಷ ಈ ಮನೆತನದ ಯುದ್ಧವಿಧಾನವನ್ನು ರೂಪಿಸಿತು. 1680ರಲ್ಲಿ ಪಾಮ ನಾಯಕನು ದಿಲೇರ್ ಖಾನನ ಮೊಘಲ್ ಸೇನೆಯನ್ನು ಹಿಮ್ಮೆಟ್ಟಿಸಿದನು. ಔರಂಗಜೇಬನು ಬಿಜಾಪುರ, ಗೋಲ್ಕೊಂಡಗಳನ್ನು ಗೆದ್ದುಕೊಂಡ ಮೇಲೆ 1687ರ ಕೊನೆಯಲ್ಲಿ ಸಗರದ ಕೋಟೆಯನ್ನು ಒಪ್ಪಿಸಿ ಬಾದಶಹನ ಆಸ್ಥಾನಕ್ಕೆ ಹೋದ ಪಾಮ ನಾಯಕನು ಕೆಲವೇ ವಾರಗಳಲ್ಲಿ ಮರಣಹೊಂದಿದನು. ಅವನ ಉತ್ತರಾಧಿಕಾರಿ ಪಿಡ್ಡ ನಾಯಕನು ಮೊದಲು ಮೊಘಲರ ಸೇವೆಯಲ್ಲಿದ್ದು 1689ರ ರಾಯಚೂರು ಮುತ್ತಿಗೆಯಲ್ಲಿ ಭಾಗವಹಿಸಿದನು. ಆನಂತರ ವಾಗಣಗೇರಿಯನ್ನು ಬಲಪಡಿಸಿಕೊಂಡು ಸ್ವತಂತ್ರನಾಗಿ ವರ್ತಿಸತೊಡಗಿದನು.

1705ರ ಫೆಬ್ರವರಿಯಲ್ಲಿ ಔರಂಗಜೇಬನು ಸ್ವತಃ ವಾಗಣಗೇರಿಗೆ ಮುತ್ತಿಗೆ ಹಾಕಿದನು. ಅರ್ಧ ಶತಮಾನದ ಕಾಲ ಹಿಂದುಸ್ತಾನವನ್ನಾಳಿದ ಆ ಚಕ್ರವರ್ತಿ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಪಿಡ್ಡ ನಾಯಕನು ಬಯಲಿನಲ್ಲಿ ನಿಂತು ಕಾದುವ ಸಾಹಸಕ್ಕೆ ಇಳಿಯಲಿಲ್ಲ. ರಾತ್ರಿ ವೇಳೆ ಪಾಳೆಯದ ಮೇಲೆ ಎರಗುವುದು, ಮರಾಠಾ ಸರದಾರರ ನೆರವು ಪಡೆಯುವುದು, ಸಂಧಿಯ ಮಾತು ಆಡುತ್ತ ಕಾಲಹರಣ ಮಾಡುವುದು, ನಾಯಕನು ಕೋಟೆಯಲ್ಲಿಲ್ಲವೆಂದು ಸುದ್ದಿ ಹಬ್ಬಿಸುವುದು ಇವೆಲ್ಲ ಅವನ ಉಪಾಯಗಳು. ಜುಲ್ಫಿಕರ್ ಖಾನನ ಸೇನೆ ಬಂದು ನೀರಿನ ಬಾವಿಗಳನ್ನು ಹಿಡಿದ ಮೇಲೆ, ಏಪ್ರಿಲ್ ಅಂತ್ಯದ ಒಂದು ರಾತ್ರಿ, ಮನೆಗಳಿಗೆ ಬೆಂಕಿಯಿಟ್ಟು ಅವನು ತನ್ನವರೊಡನೆ ಹೊರಬಿದ್ದನು. ಮೊಘಲರಿಗೆ ದಕ್ಕಿದ್ದು ಬರಿದಾದ ಕೋಟೆ. ಬಾದಶಹನು ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟು ಕಾಯಿಲೆ ಬಿದ್ದನು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿಂದ ಹೊರಟು 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡನು. ಪಿಡ್ಡ ನಾಯಕನು ಮರಳಿ ಬಂದು ರಾಜ್ಯವನ್ನು ಕಟ್ಟಿದನು. ಮನೆತನದ ರಾಜಧಾನಿಯಾಗಿ ಸುರಪುರ ಬೆಳೆದದ್ದು ಈ ಹಂತದಲ್ಲಿ.

ಕೋಟೆ ಹೋದರೆ ರಾಜ್ಯ ಹೋದಂತಲ್ಲ, ನಾಯಕನು ಉಳಿದರೆ ರಾಜ್ಯ ಮರಳುತ್ತದೆ ಎಂಬ ಪಾಠವನ್ನು ವಾಗಣಗೇರಿ ಈ ಮನೆತನಕ್ಕೆ ಕಲಿಸಿತ್ತು. ಒಂದೂವರೆ ಶತಮಾನದ ತರುವಾಯ ವೆಂಕಟಪ್ಪ ನಾಯಕನು ನಡೆದುಕೊಂಡ ರೀತಿಯನ್ನು ಪರಿಶೀಲಿಸುವಾಗ ಈ ಪಾಠವನ್ನು ಮರೆಯುವಂತಿಲ್ಲ.

ಬಾಲ್ಯ ಮತ್ತು ಪೋಷಕತ್ವ

ಹದಿನೆಂಟನೆಯ ಶತಮಾನದಲ್ಲಿ ಹೈದರಾಬಾದಿನ ನಿಜಾಮರು ಪ್ರಬಲರಾದಂತೆ ಸುರಪುರ ಅವರಿಗೆ ಕಪ್ಪ ಕೊಡುವ ಸಂಸ್ಥಾನವಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದ ವೇಳೆಗೆ ಯುದ್ಧಕ್ಕಿಂತ ಸಾಲವೇ ಅದರ ಮುಖ್ಯ ಶತ್ರುವಾಗಿತ್ತು. ವೆಂಕಟಪ್ಪ ನಾಯಕನ ತಂದೆ ಕೃಷ್ಣಪ್ಪ ನಾಯಕನು 1828ರಲ್ಲಿ ಪಟ್ಟಕ್ಕೆ ಬಂದಾಗ ನಿಜಾಮ ಸರ್ಕಾರ ಅವನಿಂದ ಹದಿನೈದು ಲಕ್ಷ ರೂಪಾಯಿಗಳ ನಜರಾಣೆಯನ್ನು ಕೇಳಿತು. ಸಣ್ಣ ಸಂಸ್ಥಾನಕ್ಕೆ ಹೊರಲಾಗದ ಮೊತ್ತವಿದು. ವಾರ್ಷಿಕ ಕಪ್ಪದ ಬಾಕಿಯೂ ಸಾಹುಕಾರರ ಬಡ್ಡಿಯೂ ಇದರೊಂದಿಗೆ ಬೆಳೆದವು. ಬಾಕಿ ವಸೂಲಿಗೆ ಖಾತರಿಯಾಗಿ ನಿಂತ ಬ್ರಿಟಿಷ್ ರೆಸಿಡೆನ್ಸಿ ಈ ಸಾಲದ ಮೂಲಕವೇ ಸುರಪುರದ ಅರಮನೆಯನ್ನು ಪ್ರವೇಶಿಸಿತು.

ಟೇಲರ್ ಸುರಪುರಕ್ಕೆ ಬಂದದ್ದು 1841ರಲ್ಲಿ. ನಿಜಾಮನ ಸೇವೆಯಲ್ಲಿದ್ದ ಅವನು ಅದಾಗಲೇ ಥಗ್ಗರನ್ನು ಕುರಿತ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಪ್ರಸಿದ್ಧನಾಗಿದ್ದನು. 1842ರಲ್ಲಿ ಕೃಷ್ಣಪ್ಪ ನಾಯಕನು ನಿಧನನಾದಾಗ ವೆಂಕಟಪ್ಪ ನಾಯಕನಿಗೆ ಸುಮಾರು ಎಂಟು ವರ್ಷ. ಬಾಲಕನ ಹೆಸರಿನಲ್ಲಿ ಆಡಳಿತ ನಡೆಸುವ ಅಧಿಕಾರಕ್ಕಾಗಿ ತಾಯಿ ರಾಣಿ ಈಶ್ವರಮ್ಮನಿಗೂ ಚಿಕ್ಕಪ್ಪ ಪಿಡ್ಡ ನಾಯಕನಿಗೂ ನಡುವೆ ಪೈಪೋಟಿ ಉಂಟಾಯಿತು. ಟೇಲರ್ ಪಿಡ್ಡ ನಾಯಕನ ಪರವಾಗಿ ನಿಂತು ರಾಣಿಯ ಕೈಯಿಂದ ಅಧಿಕಾರವನ್ನು ತಪ್ಪಿಸಿದನು. ಅವನ ಬರಹದಲ್ಲಿ ಈಶ್ವರಮ್ಮ ಹಟಮಾರಿ, ಕುಟಿಲೆ, ಮಗನ ಹಿತವನ್ನರಿಯದವಳು. ರಾಣಿಯ ಕಡೆಯ ಮಾತನ್ನು ತಿಳಿಸುವ ಸಮಾನ ದಾಖಲೆ ಓದುಗರ ಮುಂದೆ ಇಲ್ಲ. ಮಗನ ರಾಜ್ಯದ ಮೇಲೆ ಪರಕೀಯ ಅಧಿಕಾರಿಯೊಬ್ಬನು ಹಿಡಿತ ಸಾಧಿಸುವುದನ್ನು ವಿರೋಧಿಸಿದ ಹೆಂಗಸನ್ನು ಆ ಅಧಿಕಾರಿಯ ಮಾತಿನಿಂದಲೇ ತೀರ್ಮಾನಿಸುವುದು ಚರಿತ್ರೆಯ ವಿವೇಕವೆನಿಸದು.

ಆದರೆ ಟೇಲರನನ್ನು ಕೇವಲ ವಸಾಹತುಶಾಹಿಯ ಕುಟಿಲ ಪ್ರತಿನಿಧಿಯೆಂದು ಬದಿಗಿಡುವುದೂ ಸರಿಯಲ್ಲ. ಹನ್ನೆರಡು ವರ್ಷ ಸುರಪುರದಲ್ಲಿದ್ದ ಅವನು ಕಂದಾಯದ ಲೆಕ್ಕಗಳನ್ನು ಸರಿಪಡಿಸಿದನು, ಕೆರೆಗಳಿಗೆ ಗಮನ ಕೊಟ್ಟನು. ನಾಯಕರ ಕಾಲದ ಬೋನಾಳ ಕೆರೆ ಅವನ ಕಾಲದಲ್ಲಿ ದುರಸ್ತಿಗೊಂಡಿತು. ಆ ಪರಿಸರದ ಬೃಹತ್ ಶಿಲಾಸಮಾಧಿಗಳನ್ನು ಮೊದಲಿಗೆ ವಿದ್ವತ್ ಲೋಕಕ್ಕೆ ಪರಿಚಯಿಸಿದವನೂ ಅವನೇ. 1844ರಲ್ಲಿ ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಊರಿನಲ್ಲಿದೆ. ಬಾಲಕ ದೊರೆ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂಬುದನ್ನು ಟೇಲರ್ ಮಮತೆಯಿಂದಲೇ ನೆನೆದಿದ್ದಾನೆ. ಆ ಮಮತೆಯನ್ನು ಅನುಮಾನಿಸಬೇಕಾಗಿಲ್ಲ. ಅನುಮಾನಿಸಬೇಕಾದುದು ಮಮತೆ ಮತ್ತು ಅಧಿಕಾರಗಳೆರಡೂ ಒಂದೇ ಕೈಯಲ್ಲಿದ್ದಾಗ ಹುಟ್ಟುವ ಕಥನದ ನಿಷ್ಪಕ್ಷಪಾತವನ್ನು.

1853 ಎರಡು ಕಾರಣಗಳಿಂದ ಮುಖ್ಯವಾದ ವರ್ಷ. ಆ ವರ್ಷ ವಯಸ್ಸಿಗೆ ಬಂದ ವೆಂಕಟಪ್ಪ ನಾಯಕನಿಗೆ ರಾಜ್ಯಾಧಿಕಾರವನ್ನು ವಹಿಸಿಕೊಡಲಾಯಿತು. ಟೇಲರ್ ಸುರಪುರವನ್ನು ಬಿಟ್ಟು ನಳದುರ್ಗ ಪ್ರಾಂತಕ್ಕೆ ತೆರಳಿದನು. ಅದೇ ವರ್ಷ ಕಂಪನಿಯು ತನ್ನ ಸೈನ್ಯದ ವೆಚ್ಚದ ಬಾಕಿಗಾಗಿ ನಿಜಾಮನಿಂದ ಬೇರಾರ್, ನಳದುರ್ಗ ಮತ್ತು ರಾಯಚೂರು ಪ್ರದೇಶಗಳನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಹೀಗೆ ವೆಂಕಟಪ್ಪ ನಾಯಕನು ಗದ್ದುಗೆಯ ಅಧಿಕಾರ ಪಡೆಯುವ ಹೊತ್ತಿಗೆ ಅವನ ನಾಡಿನ ದಕ್ಷಿಣದ ನೆರೆಯಲ್ಲಿ ಕಂಪನಿಯ ಆಡಳಿತವಿತ್ತು. ಕಂಪನಿಯ ಹಿಡಿತದಲ್ಲಿದ್ದ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ದಂಡಿನ ನೆಲೆ ಸಮೀಪದ ಲಿಂಗಸುಗೂರಿನಲ್ಲಿತ್ತು. ಸಾಲ ತೀರಿದ, ಬೊಕ್ಕಸ ತುಂಬಿದ ರಾಜ್ಯವನ್ನು ತಾನು ಒಪ್ಪಿಸಿಹೋದೆನೆಂದೂ ಯುವಕ ದೊರೆ ಅದನ್ನು ಹಾಳುಮಾಡಿದನೆಂದೂ ಟೇಲರನ ದೂರು. ದುಂದುವೆಚ್ಚ ನಡೆದಿರಬಹುದು. ಆದರೆ ಹಿಡಿತಕ್ಕೊಳಪಟ್ಟ ಸಂಸ್ಥಾನವೊಂದರ ದೊರೆಗೆ ಅರಬ್ ಮತ್ತು ರೋಹಿಲ ಸೈನಿಕರನ್ನು ನೇಮಿಸಿಕೊಳ್ಳುವುದು, ಬೇಡ ಪಡೆಯನ್ನು ಪೋಷಿಸುವುದು ದುಂದುವೆಚ್ಚವೋ ಸ್ವರಕ್ಷಣೆಯೋ ಎಂಬುದು ನೋಡುವವರ ಸ್ಥಾನವನ್ನು ಅವಲಂಬಿಸಿದೆ.

ಬಂಡಾಯ

1857ರ ಬೇಸಗೆಯಲ್ಲಿ ಉತ್ತರ ಭಾರತದಲ್ಲಿ ಭುಗಿಲೆದ್ದ ಬಂಡಾಯದ ಪರಿಣಾಮ ದಕ್ಷಿಣಕ್ಕೆ ಬೇಗನೆ ತಲುಪಿತು. ಜುಲೈ 17ರಂದು ಹೈದರಾಬಾದಿನಲ್ಲಿ ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನರ ನೇತೃತ್ವದಲ್ಲಿ ರೋಹಿಲರು ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ದಾಳಿ ಮಾಡಿದರು. ದಾಳಿ ವಿಫಲವಾಯಿತಾದರೂ ನಿಜಾಮನ ನಗರದಲ್ಲಿ ಕಂಪನಿಯ ವಿರೋಧಿಗಳಿದ್ದಾರೆಂಬುದು ಸ್ಪಷ್ಟವಾಯಿತು. ನವೆಂಬರ್ ಕೊನೆಯಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ವಿರೋಧಿಸಿದ ಹಲಗಲಿಯ ಬೇಡರನ್ನು ಕಂಪನಿಯ ಸೇನೆ ನಿರ್ದಯವಾಗಿ ಹತ್ತಿಕ್ಕಿತು. ಆಯುಧವನ್ನೇ ಬದುಕಿನ ಆಧಾರವಾಗಿ ಉಳ್ಳ ಅದೇ ಸಮುದಾಯದ ಸುರಪುರದ ಬೇಡರನ್ನು ಈ ಸುದ್ದಿ ತಟ್ಟದೆ ಇದ್ದಿರಲಾರದು. ನಾನಾಸಾಹೇಬನ ದೂತರು, ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರ ಸಂಪರ್ಕ ಮೊದಲಾದ ಹೊರಗಿನ ಪ್ರೇರಣೆಗಳು ಇದ್ದುವೆಂದು ಒಪ್ಪಿದರೂ ಒಳಗಿನ ಕಾರಣಗಳು ಅವಕ್ಕಿಂತ ಹಳೆಯವು. ನಜರಾಣೆ, ಕಪ್ಪ, ಪೋಷಕತ್ವ, ಸುತ್ತುವರಿದ ದಂಡು ಇವುಗಳ ಅನುಭವ ವೆಂಕಟಪ್ಪ ನಾಯಕನಿಗೆ ಬಾಲ್ಯದಿಂದಲೇ ಇತ್ತು.

ಸುರಪುರದಲ್ಲಿ ಸೈನಿಕರ ಜಮಾವಣೆ ನಡೆಯುತ್ತಿದೆಯೆಂಬ ವರದಿಗಳನ್ನು ಆಧರಿಸಿ ಹೈದರಾಬಾದಿನ ರೆಸಿಡೆಂಟನಾಗಿದ್ದ ಕರ್ನಲ್ ಡೇವಿಡ್‌ಸನ್ 1858ರ ಜನವರಿಯಲ್ಲಿ ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್‌ನನ್ನು ಅಲ್ಲಿಗೆ ಕಳುಹಿಸಿದನು. ದೊರೆಯ ಮನವೊಲಿಸುವುದು ಅವನಿಗೆ ವಹಿಸಿದ ಕೆಲಸ. ಮಾತುಕತೆ ಫಲಿಸಲಿಲ್ಲ. ಸೇನೆಗಳು ಸುರಪುರದತ್ತ ಚಲಿಸಿದವು. ಫೆಬ್ರವರಿ 7ರಂದು ಕ್ಯಾಪ್ಟನ್ ವಿಂಡ್‌ಹ್ಯಾಮ್‌ನ ತುಕಡಿ ಊರ ಬಳಿ ಬೀಡುಬಿಟ್ಟಿತು. ಆ ರಾತ್ರಿಯೇ ಬೇಡ ಪಡೆ ಹಾಗೂ ದೊರೆಯ ಇತರ ಸೈನಿಕರು ಬೀಡಿನ ಮೇಲೆ ಎರಗಿದರು. ತುಕಡಿ ಬೆಳಗಿನವರೆಗೆ ತಡೆದು ನಿಂತಿತು. ಮರುದಿನ ಕಂಪನಿಗೆ ಹೆಚ್ಚಿನ ಬಲ ಬಂದು ಸೇರಿತು. 8ರ ಕಾಳಗದಲ್ಲಿ ಮದರಾಸು ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಲೆಫ್ಟಿನೆಂಟ್ ಸ್ಟುವರ್ಟ್ ಮಾರಣಾಂತಿಕವಾಗಿ ಗಾಯಗೊಂಡನು. ಅದೇ ರಾತ್ರಿ ವೆಂಕಟಪ್ಪ ನಾಯಕನು ಕೆಲವೇ ಸವಾರರೊಂದಿಗೆ ಸುರಪುರವನ್ನು ಬಿಟ್ಟನು. ಬೆಳಗಾದಾಗ ಊರು ಕಂಪನಿಯ ವಶವಾಯಿತು.

ಯುದ್ಧದ ನಡುವೆ ರಾಜಧಾನಿಯನ್ನು ಬಿಟ್ಟುಹೋದ ಈ ಘಟನೆಯನ್ನು ಟೇಲರನ ಕಥನ ಅಧೈರ್ಯವೆಂಬಂತೆ ನಿರೂಪಿಸಿದರೆ ದೇಶಭಕ್ತಿಯ ಕಥನಗಳು ಅದನ್ನು ಆದಷ್ಟು ಬೇಗ ದಾಟಿ ಮುಂದೆ ಹೋಗುತ್ತವೆ. ವಾಗಣಗೇರಿಯ ಹಿನ್ನೆಲೆಯಲ್ಲಿ ನೋಡಿದರೆ ಇದರಲ್ಲಿ ಮುಜುಗರಪಡುವಂಥದೇನೂ ಇಲ್ಲ. ಸಂಧಿಯ ಮಾತಿನಿಂದ ಸಮಯ ಗಳಿಸುವುದು, ರಾತ್ರಿಯ ಮುತ್ತಿಗೆ, ಕೋಟೆ ಉಳಿಯದೆಂದು ತಿಳಿದಾಗ ನಾಯಕನು ಕತ್ತಲಲ್ಲಿ ಪಾರಾಗುವುದು ಈ ಮೂರೂ 1705ರಲ್ಲಿ ನಡೆದ ಕ್ರಮದಲ್ಲಿಯೇ 1858ರಲ್ಲಿಯೂ ನಡೆದವು. ವೆಂಕಟಪ್ಪ ನಾಯಕನು ತನ್ನ ಮನೆತನಕ್ಕೆ ಗೊತ್ತಿದ್ದ ಯುದ್ಧವನ್ನೇ ಮಾಡಿದನು. ಬದಲಾಗಿದ್ದುದು ಕಾಲ. ಪಿಡ್ಡ ನಾಯಕನಿಗೆ ಹೊರಗೆ ಕಾಯುತ್ತಿದ್ದ ಮರಾಠರ ಕುದುರೆಗಳಿದ್ದವು. ಅವನ ಎದುರಾಳಿ ಎಂಬತ್ತಾರು ದಾಟಿದ, ಹಿಂದಿರುಗಲೇಬೇಕಾಗಿದ್ದ ವೃದ್ಧ ಚಕ್ರವರ್ತಿ. ವೆಂಕಟಪ್ಪ ನಾಯಕನಿಗೆ ದಕ್ಷಿಣದಲ್ಲಿ ಕಂಪನಿಯ ರಾಯಚೂರು, ಪಶ್ಚಿಮದಲ್ಲಿ ಮುಂಬಯಿ ಸರ್ಕಾರದ ಸೀಮೆ, ಉತ್ತರ ಮತ್ತು ಪೂರ್ವಗಳಲ್ಲಿ ಬ್ರಿಟಿಷರ ಮಿತ್ರನಾದ ನಿಜಾಮನ ನಾಡು ಎದುರಾದವು. ಅವನ ಎದುರಾಳಿಗೆ ಮುಪ್ಪೂ ಇರಲಿಲ್ಲ, ಹಿಂದಿರುಗುವ ಅಗತ್ಯವೂ ಇರಲಿಲ್ಲ. ಅರಬರು, ರೋಹಿಲರು ಇದ್ದ ಹೈದರಾಬಾದ್ ನಗರವೊಂದೇ ಆಶ್ರಯದ ಭರವಸೆ ಕೊಡುವಂತಿತ್ತು. ಅವನು ಅಲ್ಲಿಗೆ ಹೋದನು. ಕಂಪನಿಯ ಪರವಾಗಿ ದೃಢವಾಗಿ ನಿಂತಿದ್ದ ದಿವಾನ ಸಾಲಾರ್ ಜಂಗನ ಕೈಗೆ ಸಿಕ್ಕಿ, ಅವನ ಮೂಲಕ ರೆಸಿಡೆಂಟನ ಸೆರೆಯಾದನು.

ಸೆರೆ ಮತ್ತು ಸಾವು

ಸೆರೆಮನೆಯಲ್ಲಿ ವೆಂಕಟಪ್ಪ ನಾಯಕನನ್ನು ಕಾಣಲು ಟೇಲರನಿಗೆ ಅವಕಾಶ ದೊರೆಯಿತು. ಬಂಡಾಯಕ್ಕೆ ಪ್ರೇರಣೆ ನೀಡಿದವರ ಹೆಸರುಗಳನ್ನು ಹೊರಗೆಡಹಿದರೆ ಶಿಕ್ಷೆ ಹಗುರಾಗಬಹುದೆಂಬ ಸೂಚನೆ ಈ ಭೇಟಿಯ ಹಿಂದಿತ್ತು. ಕೈದಿ ಟೇಲರನನ್ನು ಅಪ್ಪಿಕೊಂಡು ಅತ್ತನು. ಆದರೆ ಯಾರ ಹೆಸರನ್ನೂ ಹೇಳಲಿಲ್ಲ. ಕಳ್ಳನಂತೆ ನೇಣಿಗೇರುವುದಕ್ಕಿಂತ ತೋಪಿನ ಬಾಯಿಗೆ ಕಟ್ಟಿಸಿಕೊಳ್ಳುವುದೇ ಲೇಸೆಂದೂ ಕಾಲಾಪಾನಿಯ ಸೆರೆಯನ್ನು ಸಾಮಾನ್ಯ ಬೇಡನೂ ಸಹಿಸಲಾರನೆಂದೂ ಅವನು ತಿಳಿಸಿದನೆಂದು ಟೇಲರ್ ದಾಖಲಿಸಿದ್ದಾನೆ. ಟೇಲರನ ಕಥನದಲ್ಲಿ ಈ ಭಾಗ ವಿಶೇಷ ಗಮನಕ್ಕೆ ಅರ್ಹವಾದುದು. ಅನ್ಯರ ಮಾತಿನಂತೆ ಕುಣಿದ ದುರ್ಬಲ ಯುವಕನೆಂಬ ಅವನದೇ ಚಿತ್ರವನ್ನು ಈ ಮೌನ ಒಡೆದುಹಾಕುತ್ತದೆ. ಪ್ರಾಣಭಯದ ನಡುವೆ, ತಾನು ಅಪ್ಪಾ ಎಂದು ಕರೆದವನೆದುರು, ಹೆಸರು ಹೇಳಲೊಪ್ಪದವನನ್ನು ಪರಾಧೀನ ಬುದ್ಧಿಯವನೆನ್ನಲಾಗದು. ಟೇಲರ್ ಅದನ್ನು ಮರೆಮಾಚದೆ ಬರೆದದ್ದು ಅವನ ಪ್ರಾಮಾಣಿಕತೆಗೂ ಸಾಕ್ಷಿ.

ವಿಚಾರಣೆಯಲ್ಲಿ ವೆಂಕಟಪ್ಪ ನಾಯಕನಿಗೆ ಮರಣದಂಡನೆ ವಿಧಿಸಲಾಯಿತು. ರೆಸಿಡೆಂಟನು ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲ್ ಕ್ಯಾನಿಂಗ್ ಮತ್ತೆ ಇಳಿಸಿ, ಮದರಾಸಿನ ಸಮೀಪದ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ತೀರ್ಮಾನಿಸಿದನು. ಸನ್ನಡತೆ ತೋರಿದರೆ ರಾಜ್ಯ ಮರಳುವ ಸಾಧ್ಯತೆಯನ್ನೂ ತೆರೆದಿಟ್ಟನು. ಕೈದಿಯನ್ನು ಕರೆದೊಯ್ಯುವ ಪ್ರಯಾಣ 1858ರ ಮೇ ತಿಂಗಳಲ್ಲಿ ಆರಂಭವಾಯಿತು. ಹೈದರಾಬಾದಿನ ಹೊರವಲಯದ ಅಂಬರಪೇಟೆಯ ಮೊದಲ ತಂಗುದಾಣದಲ್ಲಿಯೇ ಅವನು ಗುಂಡಿಗೆ ಬಲಿಯಾದನು. ಕಾವಲಿನ ಅಧಿಕಾರಿ ಡೇರೆಯಿಂದ ಹೊರಗೆ ಹೋಗಿದ್ದಾಗ ಅವನ ರಿವಾಲ್ವರಿನಿಂದ ಗುಂಡು ಹಾರಿತೆಂಬುದು ಅಧಿಕೃತ ನಿರೂಪಣೆ. ಸುರಪುರದ ಪರಿಸರದಲ್ಲಿ ಇದನ್ನು ಕೊಲೆಯೆಂದು ನಂಬಿದವರಿದ್ದಾರೆ.

ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಈ ದೊರೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಳ್ಳುವನೆಂದು ಜಾತಕ ಬಲ್ಲ ಶಾಸ್ತ್ರಿಯೊಬ್ಬನು ಮೊದಲೇ ತಿಳಿಸಿದ್ದನೆಂಬ ಸಂಗತಿಗೆ ಟೇಲರ್ ತನ್ನ ಆತ್ಮಕಥೆಯಲ್ಲಿ ಹೆಚ್ಚಿನ ಸ್ಥಳ ನೀಡಿದ್ದಾನೆ. ಭವಿಷ್ಯವಾಣಿಯಿಂದ ಆರಂಭಿಸಿ ಅದು ಫಲಿಸುವಲ್ಲಿ ಕಥೆಯನ್ನು ಮುಗಿಸುವ ಈ ಕಟ್ಟಡ ಕಾದಂಬರಿಕಾರನದು. ಇದರ ಪರಿಣಾಮವಾಗಿ ಸಾಲದಿಂದ ಹಿಡಿದು ಸೈನ್ಯದವರೆಗಿನ ರಾಜಕೀಯ ಕಾರಣಗಳೆಲ್ಲ ವಿಧಿಯ ನೆರಳಿನಲ್ಲಿ ಮಸುಕಾಗುತ್ತವೆ. ಸಾವಿನ ಹೊಣೆ ಯಾರ ಮೇಲೂ ನಿಲ್ಲುವುದಿಲ್ಲ.

ಉಪಸಂಹಾರ

ವೆಂಕಟಪ್ಪ ನಾಯಕನು ತೀರಿಕೊಂಡ ತಿಂಗಳ ಕೊನೆಯಲ್ಲಿಯೇ ನರಗುಂದದ ಬಂಡಾಯ ಆರಂಭವಾಯಿತು. ಮುಂಡರಗಿ ಭೀಮರಾಯನು ಕೊಪ್ಪಳದಲ್ಲಿ ಹೋರಾಡಿ ಮಡಿದನು. ನರಗುಂದದ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಸುರಪುರದ ಆಡಳಿತವನ್ನು ನೋಡಿಕೊಳ್ಳಲು ಮತ್ತೆ ನಿಯುಕ್ತನಾದವನು ಟೇಲರನೇ. 1860ರ ಒಪ್ಪಂದದಲ್ಲಿ ಕಂಪನಿಯ ವಾರಸಾದ ಬ್ರಿಟಿಷ್ ಸರ್ಕಾರವು ನಿಜಾಮನ ನಿಷ್ಠೆಗೆ ಪ್ರತಿಫಲವಾಗಿ ಸುರಪುರವನ್ನು ಅವನಿಗೆ ಕೊಟ್ಟಿತು. ರಾಯಚೂರು ಮತ್ತು ನಳದುರ್ಗಗಳನ್ನು ಹಿಂದಿರುಗಿಸಿತು. ಟೇಲರ್ ಆ ವರ್ಷ ಸ್ವದೇಶಕ್ಕೆ ಮರಳಿದನು. ಗೋಸಲ ನಾಯಕರ ನಾಡು ಮುಂದೆ ಗುಲಬರ್ಗಾ ಜಿಲ್ಲೆಯ ಒಂದು ತಾಲ್ಲೂಕಾಗಿ ಉಳಿದು, 2009ರ ಕೊನೆಯಲ್ಲಿ ರಚನೆಯಾದ ಯಾದಗಿರಿ ಜಿಲ್ಲೆಗೆ ಸೇರಿತು.

ಬಂಡಾಯಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ 1857ರ ಅಖಿಲ ಭಾರತ ಚೌಕಟ್ಟಿನಲ್ಲಿ ನಡೆದಿವೆ. ಆ ಚೌಕಟ್ಟಿನಲ್ಲಿ ಸುರಪುರವು ದೂರದ ಕಾನ್ಪುರದ ಪ್ರತಿಧ್ವನಿಯಾಗಿಬಿಡುತ್ತದೆ. ವೆಂಕಟಪ್ಪ ನಾಯಕನ ಬದುಕು ಸೂಚಿಸುವ ಕಾಲಾವಧಿ ಇದಕ್ಕಿಂತ ದೀರ್ಘವಾದುದು. ಸಗರದ ಶರಣಾಗತಿ, ವಾಗಣಗೇರಿಯ ಪ್ರತಿರೋಧ, ನಜರಾಣೆಯ ಸಾಲ, ಪೋಷಕತ್ವದ ಬಂಧನ ಇವುಗಳ ಕೊನೆಯಲ್ಲಿ 1858ರ ಫೆಬ್ರವರಿ ನಿಂತಿದೆ. ಹಾಗಿರುವಾಗ ಟೇಲರನ ಪುಸ್ತಕವನ್ನು ತಿರಸ್ಕರಿಸದೆ, ಅದರ ವಿವರಗಳನ್ನು ಅದರ ತೀರ್ಪಿನಿಂದ ಬೇರ್ಪಡಿಸಿ, ಸ್ಥಳೀಯ ಕೈಫಿಯತ್ತು, ಮನೆತನದ ಕಾಗದಪತ್ರ ಹಾಗೂ ಮೌಖಿಕ ನೆನಪುಗಳ ಜೊತೆಯಿಟ್ಟು ಓದಬೇಕಾಗುತ್ತದೆ. ವೆಂಕಟಪ್ಪ ನಾಯಕನು ತನ್ನ ಬಗ್ಗೆ ತಾನು ಬರೆದಿಟ್ಟ ಕಥನ ನಮಗಿಲ್ಲ. ಅವನದೆಂದು ನಿಶ್ಚಯವಾಗಿ ಹೇಳಬಹುದಾದುದು ಸೆರೆಯಲ್ಲಿ ಅವನು ಉಳಿಸಿಕೊಂಡ ಮೌನ. ಅದರಿಂದ ಯಾರ ತಲೆಗಳು ಉಳಿದವೆಂಬುದು ಸುರಪುರದ ಚರಿತ್ರೆಯಲ್ಲಿ ಇನ್ನೂ ಬರೆಯಬೇಕಾದ ಅಧ್ಯಾಯ.